ಕ್ರಯಪತ್ರ ಬರೆದ ಕೈ: ಕ್ವೇಕರರ ‘ಸಾಕ್ಷಿ’ಯ ಬಗ್ಗೆ

1740ರ ದಶಕದ ಮೊದಲ ವರ್ಷಗಳು. ಅಮೆರಿಕ ಆಗಿನ್ನೂ ಬ್ರಿಟಿಷರ ವಸಾಹತು. ನ್ಯೂಜೆರ್ಸಿಯ ಮೌಂಟ್ ಹಾಲಿ ಎಂಬ ಪುಟ್ಟ ಊರಿನ ಅಂಗಡಿಯೊಂದರಲ್ಲಿ ಜಾನ್ ವುಲ್ಮನ್ ಎಂಬ ತರುಣ ವ್ಯಾಪಾರ ನೋಡಿಕೊಂಡು ಲೆಕ್ಕಪತ್ರ ಬರೆಯುವ ಕೆಲಸಕ್ಕಿದ್ದ. ವಯಸ್ಸು ಇಪ್ಪತ್ತು ದಾಟಿ ಒಂದೆರಡು ವರ್ಷವಾಗಿತ್ತು. ಒಂದು ದಿನ ಯಜಮಾನ ಅವನನ್ನು ಕರೆದು ಕ್ರಯಪತ್ರವೊಂದನ್ನು ಬರೆದುಕೊಡಲು ಹೇಳಿದ. ಮಾರಾಟವಾಗಿದ್ದದ್ದು ಹೊಲವಲ್ಲ, ಹಸುವಲ್ಲ. ಯಜಮಾನನ ಗುಲಾಮಳಾಗಿದ್ದ ಒಬ್ಬ ಕಪ್ಪು ಹೆಂಗಸು. ಕೊಂಡವನು ಪತ್ರಕ್ಕಾಗಿ ಅಲ್ಲೇ ಕಾಯುತ್ತಿದ್ದ. ಅವನು ವಯಸ್ಸಾದ ಮನುಷ್ಯ, ವುಲ್ಮನ್‌ನಂತೆಯೇ ಕ್ವೇಕರ್ ಪಂಥದವನು.

ವುಲ್ಮನ್‌ನ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ತಾನು ವರ್ಷದ ಲೆಕ್ಕದಲ್ಲಿ ಸಂಬಳಕ್ಕಿರುವವನು, ಹೇಳುತ್ತಿರುವವನು ಯಜಮಾನ, ಕೊಳ್ಳುತ್ತಿರುವವನು ನಮ್ಮವನೇ ಆದ ಹಿರಿಯ ಎಂದೆಲ್ಲ ಯೋಚಿಸಿ ಪತ್ರ ಬರೆದುಕೊಟ್ಟ. ಬರೆದ ಮೇಲೆ ತಡೆಯಲಾಗದೆ, ಇಬ್ಬರ ಎದುರಿಗೂ, ಮನುಷ್ಯರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಕ್ರೈಸ್ತ ಧರ್ಮಕ್ಕೆ ಹೊಂದುವುದಿಲ್ಲವೆಂದು ತನಗೆ ಅನ್ನಿಸುತ್ತದೆ ಎಂದ. ಅಷ್ಟು ಹೇಳಿದ್ದರಿಂದ ಮನಸ್ಸು ಸ್ವಲ್ಪ ಹಗುರವಾಯಿತು. ಆದರೆ ಪೂರ್ತಿ ಆಗಲಿಲ್ಲ. ‘ನನ್ನಿಂದಾಗದು, ಬಿಟ್ಟುಬಿಡಿ’ ಎಂದು ಆಗಲೇ ಕೇಳಿಕೊಳ್ಳಬಹುದಿತ್ತಲ್ಲ ಎಂಬ ಕೊರಗು ಉಳಿಯಿತು. ಕೆಲವು ಕಾಲದ ನಂತರ ಇನ್ನೊಬ್ಬ ತರುಣ ಇಂಥದೇ ಪತ್ರ ಬರೆಸಿಕೊಳ್ಳಲು ಬಂದಾಗ ವುಲ್ಮನ್ ಬರೆಯಲಿಲ್ಲ.

ವುಲ್ಮನ್ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊದಲ ಸಲ ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅವನ ಮಾತಲ್ಲ, ಘಟನೆಯ ಅನುಕ್ರಮ. ಕೈ ಮೊದಲು ಬರೆಯಿತು, ಬಾಯಿ ಆಮೇಲೆ ಮಾತಾಡಿತು. ಆ ಹೆಂಗಸು ಮಾರಾಟವಾಗಿಯೇ ಹೋದಳು. ಮುಂದೆ ಗುಲಾಮಗಿರಿಯ ವಿರುದ್ಧ ಮೂವತ್ತು ವರ್ಷ ನಡೆದ ಒಂದು ಬದುಕು ಶುರುವಾದದ್ದು ಹೀಗೆ, ಒಂದು ಸೋಲಿನಿಂದ. ಕ್ವೇಕರರು ‘ಟೆಸ್ಟಿಮನಿ’ ಎಂದು ಕರೆಯುವುದು ಇಂಥ ಬದುಕನ್ನು.

ಆ ಪದವನ್ನು ಕನ್ನಡಕ್ಕೆ ತರುವಾಗ ಮೊದಲು ಹೊಳೆಯುವುದು ‘ಸಾಕ್ಷ್ಯ’. ಕೋರ್ಟಿನ ಪದ. ಆದರೆ ನಮ್ಮಲ್ಲಿ ‘ಸಾಕ್ಷಿ’ ಎರಡು ಕಡೆ ನಿಂತಿದೆ. ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳುವವನು ಸಾಕ್ಷಿ. ಒಳಗೆ ಕುಳಿತು ನಾವು ಮಾಡುವುದನ್ನೆಲ್ಲ ನೋಡುತ್ತಿರುವುದು ಮನಸ್ಸಾಕ್ಷಿ. ಕ್ವೇಕರರ ಸುಮಾರು ಮುನ್ನೂರೆಪ್ಪತ್ತು ವರ್ಷಗಳ ಚರಿತ್ರೆಯನ್ನು ಈ ಎರಡರ ನಡುವಿನ ದಾರಿ ಎಂದು ಓದಬಹುದು: ಒಳಗಿನ ಸಾಕ್ಷಿ ಎದ್ದು ಹೊರಗೆ ಬಂದು ಕಟಕಟೆಯಲ್ಲಿ ನಿಲ್ಲುವ ದಾರಿ. ಆ ದಾರಿ ಕೆಲವೊಮ್ಮೆ ಒಂದೇ ಹೆಜ್ಜೆಯಷ್ಟು ಹತ್ತಿರ, ಕೆಲವೊಮ್ಮೆ ಮೂರು ತಲೆಮಾರಿನಷ್ಟು ದೂರ. ಯಾಕೆ ಹೀಗೆ ಎಂಬುದೇ ಈ ಪ್ರಬಂಧದ ಪ್ರಶ್ನೆ.

ಕ್ವೇಕರ್ ಪಂಥ ಹುಟ್ಟಿದ್ದು ಇಂಗ್ಲೆಂಡ್ ತಲೆಕೆಳಗಾಗಿದ್ದ ಕಾಲದಲ್ಲಿ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. 1649ರಲ್ಲಿ ರಾಜ ಒಂದನೇ ಚಾರ್ಲ್ಸ್‌ನ ತಲೆ ಉರುಳಿತು. ದೇವರೇ ನೇಮಿಸಿದವನು ಎಂದು ಜನ ನಂಬಿದ್ದ ರಾಜನೇ ಹೋದ ಮೇಲೆ ಪಾದ್ರಿ ಯಾಕೆ, ಚರ್ಚಿಗೆ ಕೊಡುವ ಹತ್ತನೇ ಒಂದು ಪಾಲು ಯಾಕೆ ಎಂದು ಕೇಳುವವರು ಊರೂರಲ್ಲಿ ಇದ್ದರು. ಅವರಲ್ಲಿ ಜಾರ್ಜ್ ಫಾಕ್ಸ್ ಒಬ್ಬ. 1624ರಲ್ಲಿ ಹುಟ್ಟಿದ ನೇಕಾರನ ಮಗ, ಚಮ್ಮಾರನ ಬಳಿ ಕೆಲಸ ಕಲಿತವನು. ಪಾದ್ರಿಗಳನ್ನೂ ಪಂಡಿತರನ್ನೂ ಸುತ್ತಿ ಬೇಸತ್ತ ಮೇಲೆ, ದೇವರು ಮಧ್ಯಸ್ಥರಿಲ್ಲದೆ ನೇರವಾಗಿ ಮನುಷ್ಯನ ಒಳಗೇ ಮಾತಾಡುತ್ತಾನೆ ಎಂಬ ಅರಿವು ಅವನಿಗೆ ಬಂತು. 1650ರಲ್ಲಿ ಡರ್ಬಿಯಲ್ಲಿ ಧರ್ಮನಿಂದೆಯ ಆರೋಪದ ಮೇಲೆ ಅವನನ್ನು ಹಿಡಿದಾಗ, ದೇವರ ಮಾತಿಗೆ ನಡುಗು ಎಂದು ಅವನು ನ್ಯಾಯಾಧೀಶನಿಗೇ ಹೇಳಿದನಂತೆ. ಆ ನ್ಯಾಯಾಧೀಶ ಹಾಸ್ಯಕ್ಕೆ ಇಟ್ಟ ಹೆಸರು ‘ಕ್ವೇಕರ್’, ಅಂದರೆ ನಡುಗುವವನು. ತಮ್ಮನ್ನು ಅವರು ಕರೆದುಕೊಂಡದ್ದು ಗೆಳೆಯರು ಎಂದು. ಇಂದಿಗೂ ಅವರ ಸಂಸ್ಥೆಯ ಹೆಸರು ಗೆಳೆಯರ ಧಾರ್ಮಿಕ ಸಂಘ ಎಂದೇ.

ಅವರ ಆರಾಧನೆ ಮೌನ. ಪಾದ್ರಿಯಿಲ್ಲ, ಮಂತ್ರವಿಲ್ಲ, ಒಪ್ಪಲೇಬೇಕಾದ ಸಿದ್ಧಾಂತದ ಪಾಠವಿಲ್ಲ. ಸುಮ್ಮನೆ ಕೂರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಎಲ್ಲರೊಳಗೂ ಒಂದು ಬೆಳಕಿದೆ ಎಂಬುದು ಅವರ ಮೂಲ ನಂಬಿಕೆ. ಇದನ್ನು ನಾವು ಹಿತವಾದ ಮಾತಾಗಿ ಕೇಳಿಸಿಕೊಳ್ಳುತ್ತೇವೆ, ದೇವರ ಕೋಣೆಯ ನಂದಾದೀಪದ ಹಾಗೆ. ಮೊದಲ ಕ್ವೇಕರರಿಗೆ ಅದು ಅಷ್ಟು ಹಿತವಾಗಿರಲಿಲ್ಲ. ಕತ್ತಲ ಉಗ್ರಾಣದೊಳಗೆ ಲಾಟೀನು ಹಿಡಿದು ಹೋದರೆ ಮೊದಲು ಕಾಣುವುದು ಹೆಗ್ಗಣ. ಅವರ ಬೆಳಕೂ ಹಾಗೆ, ಮೊದಲು ತೋರಿಸುತ್ತಿದ್ದದ್ದು ತಮ್ಮದೇ ಸುಳ್ಳನ್ನು, ಜಂಬವನ್ನು, ಆಸೆಬುರುಕತನವನ್ನು. ಕಂಡ ಮೇಲೆ ಕಾಣದಂತೆ ಇರಲಾಗದು. ಹೀಗೆ ಕಂಡದ್ದಕ್ಕೆ ನಡೆಯಲ್ಲಿ ಕೊಡುವ ಉತ್ತರವೇ ಸಾಕ್ಷಿ. ಆದ್ದರಿಂದಲೇ ಅವರ ಆರಂಭದ ಸಾಕ್ಷಿಗಳೆಲ್ಲ ‘ಇದರ ವಿರುದ್ಧ’, ‘ಅದರ ವಿರುದ್ಧ’ ಎಂದೇ ಇದ್ದವು: ಚರ್ಚಿನ ತೆರಿಗೆಯ ವಿರುದ್ಧ, ಆಣೆಯ ವಿರುದ್ಧ, ಯುದ್ಧದ ವಿರುದ್ಧ. ಇಂಥ ಐದಾರು ಮೌಲ್ಯಗಳನ್ನು ಪಾಲಿಸಬೇಕು ಎಂಬ ಪಟ್ಟಿ ಅವರ ಬಳಿ ಇರಲಿಲ್ಲ.

ಮೊದಲ ಜಗಳ ಟೋಪಿಯದು. ದೊಡ್ಡವರು ಎದುರಾದರೆ ಟೋಪಿ ತೆಗೆಯುವುದು ಆ ಕಾಲದ ಮರ್ಯಾದೆ. ದೇವರಿಗೆ ಪ್ರಾರ್ಥಿಸುವಾಗ ಮಾತ್ರ ಟೋಪಿ ತೆಗೆಯುತ್ತೇವೆ, ಮನುಷ್ಯರಿಗೆ ತೆಗೆಯುವುದಿಲ್ಲ ಎಂದರು ಕ್ವೇಕರರು. 1670ರಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರನ್ನು ಲಂಡನ್ನಿನ ಕೋರ್ಟಿಗೆ ತಂದಾಗ ಅವರ ತಲೆ ಮೇಲೆ ಟೋಪಿ ಇರಲಿಲ್ಲ, ಸಿಬ್ಬಂದಿ ಮೊದಲೇ ತೆಗೆದಿದ್ದರು. ನ್ಯಾಯಾಧೀಶರು ಟೋಪಿಗಳನ್ನು ಮತ್ತೆ ತಲೆ ಮೇಲೆ ಇಡಿಸಿ, ಆಮೇಲೆ ತೆಗೆಯಲಿಲ್ಲವೆಂದು ದಂಡ ಹಾಕಿದರು!

ಎರಡನೆಯ ಜಗಳ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಆಗಿನ ಇಂಗ್ಲಿಷಿನಲ್ಲೂ ನಮ್ಮಂತೆ ‘ನೀನು’, ‘ನೀವು’ ಎಂಬ ಭೇದವಿತ್ತು. ಕೆಳಗಿನವರಿಗೆ, ಮನೆಯವರಿಗೆ ‘ದೌ’, ಮೇಲಿನವರಿಗೆ ‘ಯೂ’. ಎಲ್ಲರೂ ಸಮಾನರು ಎಂದರೆ ನಮಗೆ ಹೊಳೆಯುವುದು ಎಲ್ಲರನ್ನೂ ‘ನೀವು’ ಎನ್ನುವುದು. ಕ್ವೇಕರರು ತಿರುಗಿಸಿ ಎಲ್ಲರನ್ನೂ ‘ನೀನು’ ಎಂದರು, ನ್ಯಾಯಾಧೀಶನನ್ನೂ ಸೇರಿಸಿ. ದೇವರನ್ನೇ ನೀನು ಎನ್ನುತ್ತೀರಿ, ನಿಮ್ಮನ್ನು ಮಾತ್ರ ನೀವು ಎನ್ನಬೇಕೆ ಎಂಬುದು ಅವರ ವಾದ. ಹಾಗೆ ನುಡಿದದ್ದರ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಥಾಮಸ್ ಎಲ್‌ವುಡ್‌ನ ಆತ್ಮಕಥೆ ಓದಬೇಕು. ಆಕ್ಸ್‌ಫರ್ಡ್‌ಶೈರಿನ ಜಮೀನ್ದಾರರ ಮನೆಯ ಹುಡುಗ. ಇಪ್ಪತ್ತರ ಹೊತ್ತಿಗೆ ಕ್ವೇಕರನಾಗಿ, ಅಪ್ಪನ ಎದುರು ಟೋಪಿ ತೆಗೆಯದೆ ನಿಂತ, ಅಪ್ಪನನ್ನು ‘ನೀನು’ ಎಂದ. ಅಪ್ಪ ಹೊಡೆದ, ಹಲ್ಲು ಉದುರಿಸುವೆನೆಂದ, ಇದ್ದ ಟೋಪಿಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ. ಮಗ ಬರಿತಲೆಯಲ್ಲಿ ಓಡಾಡಿ ನೆಗಡಿ ಹಿಡಿಸಿಕೊಂಡ. ಮುಂದೆ ಇದೇ ಎಲ್‌ವುಡ್ ಕುರುಡನಾಗಿದ್ದ ಕವಿ ಮಿಲ್ಟನ್‌ಗೆ ಲ್ಯಾಟಿನ್ ಪುಸ್ತಕಗಳನ್ನು ಓದಿ ಹೇಳುವ ಕೆಲಸ ಮಾಡಿದ. 1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂದಾಗ ಕವಿಗೆ ಹಳ್ಳಿಯಲ್ಲೊಂದು ಮನೆ ಹುಡುಕಿಕೊಟ್ಟವನೂ ಅವನೇ. ‘ಪ್ಯಾರಡೈಸ್ ಲಾಸ್ಟ್’ ಹಸ್ತಪ್ರತಿಯನ್ನು ಮಿಲ್ಟನ್ ಅವನ ಕೈಗೆ ಕೊಟ್ಟದ್ದು ಆ ಮನೆಯಲ್ಲಿ.

ಮೂರನೆಯದು ಆಣೆ. ಬೈಬಲ್ಲಿನಲ್ಲಿ ಯೇಸು ಆಣೆಯಿಡಬೇಡಿ ಎಂದಿದ್ದಾನೆ ಎಂಬುದು ಒಂದು ಕಾರಣ. ಇದಕ್ಕಿಂತ ಆಳದ ಕಾರಣ ಇನ್ನೊಂದಿತ್ತು. ಕೋರ್ಟಿನಲ್ಲಿ ಆಣೆಯಿಟ್ಟು ನಿಜ ಹೇಳುತ್ತೇನೆ ಎಂದರೆ, ಕೋರ್ಟಿನ ಹೊರಗೆ ಹೇಳುವುದು ನಿಜವಾಗಿರಬೇಕಿಲ್ಲ ಎಂದಂತಾಯಿತು. ಸತ್ಯಕ್ಕೆ ಎರಡು ಅಳತೆ ಬೇಡ ಎಂಬುದು ಅವರ ಹಟ. ಇದೇ ಹಟ ಅಂಗಡಿಯಲ್ಲೂ ಇತ್ತು: ಚೌಕಾಸಿಯಿಲ್ಲ, ಒಂದೇ ಬೆಲೆ. ಮೊದಮೊದಲು ಗಿರಾಕಿಗಳು ದೂರ ಉಳಿದರು. ಆಮೇಲೆ, ಮಗುವನ್ನು ಕಳಿಸಿದರೂ ಮೋಸವಾಗದು ಎಂದು ಗೊತ್ತಾಗಿ ಮುಗಿಬಿದ್ದರು ಎಂದು ಫಾಕ್ಸ್ ಬರೆದಿದ್ದಾನೆ. ಆಣೆಯ ವಿಷಯ ಮಾತ್ರ ಅಷ್ಟು ಸಲೀಸಾಗಲಿಲ್ಲ. ಆಣೆ ನಿರಾಕರಿಸುವುದನ್ನೇ ಅಪರಾಧವಾಗಿಸಿದ ಕಾನೂನು 1662ರಲ್ಲಿ ಬಂತು. ಫಾಕ್ಸ್‌ನ ಸಂಗಾತಿಗಳಲ್ಲಿ ಮುಖ್ಯಳಾದ ಮಾರ್ಗರೆಟ್ ಫೆಲ್ 1664ರಲ್ಲಿ ರಾಜನಿಷ್ಠೆಯ ಆಣೆಯಿಡಲು ಒಪ್ಪದೆ ಲ್ಯಾಂಕಾಸ್ಟರ್ ಕೋಟೆಯ ಜೈಲಿಗೆ ಹೋದಳು, ನಾಲ್ಕು ವರ್ಷ ಅಲ್ಲಿದ್ದಳು. ಹೆಂಗಸರೂ ಧರ್ಮಬೋಧೆ ಮಾಡಬಹುದೆಂದು ಬೈಬಲ್ಲಿನಿಂದಲೇ ವಾದಿಸುವ ಅವಳ ಪುಸ್ತಿಕೆ 1666ರಲ್ಲಿ, ಅವಳು ಸೆರೆಯಲ್ಲಿದ್ದಾಗಲೇ ಹೊರಬಂತು. ಆಣೆಯ ಬದಲು ಬರಿಯ ದೃಢೀಕರಣ ಸಾಕು ಎಂದು ಕ್ವೇಕರರಿಗೆ ಕಾನೂನು ಒಪ್ಪಿದ್ದು 1696ರಲ್ಲಿ. ನಮ್ಮ ಮಂತ್ರಿಗಳು ಅಧಿಕಾರ ಸ್ವೀಕರಿಸುವಾಗ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು ಎಂದು ಸಂವಿಧಾನದ ಮೂರನೇ ಅನುಸೂಚಿ ಹೇಳುತ್ತದೆ. ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಈ ಎರಡನೇ ದಾರಿಯನ್ನು ಮೊದಲು ತೆರೆಸಿದವರು ಜೈಲಿನಲ್ಲಿ ಕೊಳೆತ ಆ ಹಟಮಾರಿಗಳು.

ನಾಲ್ಕನೆಯದು ಶಾಂತಿ. 1651ರಲ್ಲಿ ಡರ್ಬಿಯ ಜೈಲಿನಲ್ಲಿದ್ದ ಫಾಕ್ಸ್‌ಗೆ, ಸೇನೆಗೆ ಸೇರಿದರೆ ನಾಯಕನ ಹುದ್ದೆ ಕೊಡುತ್ತೇವೆ, ಬಿಡುಗಡೆಯೂ ಆಗುತ್ತದೆ ಎಂಬ ಆಮಿಷ ಬಂತು. ಎಲ್ಲ ಯುದ್ಧಗಳ ಕಾರಣವನ್ನೇ ಇಲ್ಲವಾಗಿಸುವ ಬದುಕಿನಲ್ಲಿ ತಾನಿದ್ದೇನೆ ಎಂದು ಹೇಳಿ ಅವನು ಜೈಲಲ್ಲೇ ಉಳಿದ. ಆದರೆ ಆಗ ಎಲ್ಲ ಕ್ವೇಕರರೂ ಹೀಗಿರಲಿಲ್ಲ. ಸೈನ್ಯದಲ್ಲಿದ್ದ ಕ್ವೇಕರರೂ ಇದ್ದರು. ಇಡೀ ಪಂಥದ ಹೆಸರಿನಲ್ಲಿ ಆಯುಧವನ್ನು ನಿರಾಕರಿಸಿ ರಾಜ ಎರಡನೇ ಚಾರ್ಲ್ಸ್‌ಗೆ ಘೋಷಣೆ ಕೊಟ್ಟದ್ದು 1661ರ ಜನವರಿಯಲ್ಲಿ, ಇನ್ನೊಂದು ಪಂಥದವರು ಲಂಡನ್ನಿನಲ್ಲಿ ದಂಗೆಯೆದ್ದು ಅದರ ಅನುಮಾನ ಕ್ವೇಕರರ ಮೇಲೂ ಬಿದ್ದು ಸಾವಿರಾರು ಮಂದಿ ಜೈಲು ಸೇರಿದ್ದಾಗ. ಹಾಗಾದರೆ ಅದು ಜೀವ ಉಳಿಸಿಕೊಳ್ಳುವ ಉಪಾಯವೇ? ಸ್ವಲ್ಪ ಇರಬಹುದು. ಆದರೆ ಉಪಾಯವಾಗಿ ಆಡಿದ ಮಾತನ್ನು ಅಪಾಯ ಕಳೆದ ಮೇಲೆ ಮರೆಯುವುದು ಲೋಕದ ರೂಢಿ. ಇವರು ಮರೆಯಲಿಲ್ಲ. ಪೆನ್ ಸ್ಥಾಪಿಸಿದ ಪೆನ್ಸಿಲ್ವೇನಿಯದಲ್ಲಿ ದಶಕಗಳ ಕಾಲ ಆಳಿದವರು ಕ್ವೇಕರರೇ. 1756ರಲ್ಲಿ ಅಲ್ಲಿನ ಮೂಲನಿವಾಸಿಗಳ ಮೇಲೆ ಸರ್ಕಾರ ಯುದ್ಧ ಸಾರಿದಾಗ ಅವರಲ್ಲಿ ಹಲವರು ಶಾಸನಸಭೆಯಿಂದ ಹೊರನಡೆದರು.

ಇಲ್ಲಿಯವರೆಗಿನದು ಹೆಮ್ಮೆಯ ಕತೆ. ಕಷ್ಟದ ಕತೆ ಇನ್ನು ಮುಂದಿದೆ.

1671ರಲ್ಲಿ ಫಾಕ್ಸ್ ಬಾರ್ಬಡೋಸ್ ದ್ವೀಪಕ್ಕೆ ಹೋದ. ಅಲ್ಲಿ ಕಬ್ಬಿನ ತೋಟಗಳ ಒಡೆಯರಾಗಿದ್ದ ಕ್ವೇಕರರಿದ್ದರು, ಅವರ ಕೆಳಗೆ ಆಫ್ರಿಕದ ಗುಲಾಮರಿದ್ದರು. ಗುಲಾಮರನ್ನು ಮೃದುವಾಗಿ ನಡೆಸಿಕೊಳ್ಳಿ, ಕೆಲವು ವರ್ಷ ದುಡಿದ ಮೇಲೆ ಬಿಟ್ಟುಬಿಡಿ ಎಂದು ಫಾಕ್ಸ್ ಹೇಳಿದ. ಗುಲಾಮಗಿರಿಯೇ ಪಾಪ ಎನ್ನಲಿಲ್ಲ. ರಾಜನೆದುರು ಟೋಪಿ ತೆಗೆಯದ ಪೆನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ. ಎಲ್ಲರೊಳಗೂ ಬೆಳಕಿದೆ ಎಂದವರಿಗೆ ತಮ್ಮ ಮನೆಯ ಅಡುಗೆಕೋಣೆಯಲ್ಲಿದ್ದವಳ ಬೆಳಕು ಕಾಣಿಸಲಿಲ್ಲ.

ಕಂಡವರು ಇರಲಿಲ್ಲವೆಂದಲ್ಲ. 1688ರಲ್ಲಿ, ಫಿಲಡೆಲ್ಫಿಯಾದ ಪಕ್ಕದ ಜರ್ಮನ್‌ಟೌನಿನಲ್ಲಿ ನಾಲ್ಕು ಮಂದಿ ವಲಸಿಗರು ಒಂದು ಮನವಿ ಬರೆದು ಸಹಿ ಹಾಕಿದರು. ಫ್ರಾನ್ಸಿಸ್ ಡೇನಿಯಲ್ ಪ್ಯಾಸ್ಟೋರಿಯಸ್ ಅವರಲ್ಲೊಬ್ಬ. ಇಂಗ್ಲಿಷ್ ಅವರ ಮಾತೃಭಾಷೆಯಲ್ಲ, ವಾಕ್ಯಗಳು ತೊದಲುತ್ತವೆ, ಆದರೆ ಪ್ರಶ್ನೆಗಳು ತೊದಲುವುದಿಲ್ಲ. ನಿಮ್ಮನ್ನು ಹೀಗೆ ಮಾರಿದರೆ ಒಪ್ಪುತ್ತೀರಾ? ನಿಮಗೆ ಅವರನ್ನು ಗುಲಾಮರಾಗಿಡುವ ಹಕ್ಕಿದ್ದರೆ ಬಿಡುಗಡೆಗಾಗಿ ಹೋರಾಡುವ ಹಕ್ಕು ಅವರಿಗೂ ಇಲ್ಲವೇ? ಮನವಿ ತಿಂಗಳ ಸಭೆಗೆ ಹೋಯಿತು. ಇದು ಬಹಳ ಭಾರವಾದ ವಿಷಯ, ನಮ್ಮ ಕೈಯಲ್ಲಾಗದು ಎಂದು ಅವರು ಅದನ್ನು ತ್ರೈಮಾಸಿಕ ಸಭೆಗೆ ಕಳಿಸಿದರು. ಅವರೂ ಅದನ್ನೇ ಹೇಳಿ ವಾರ್ಷಿಕ ಸಭೆಗೆ ಕಳಿಸಿದರು. ವಾರ್ಷಿಕ ಸಭೆ ಅದನ್ನು ಬದಿಗಿಟ್ಟಿತು. ಕಡತದ ನಡುವೆ ಸೇರಿಹೋದ ಆ ಕಾಗದ ಮತ್ತೆ ಸಿಕ್ಕಿದ್ದು 1844ರಲ್ಲಿ.

ಕ್ವೇಕರರ ಸಭೆಯಲ್ಲಿ ಮತದಾನವಿಲ್ಲ. ಎಲ್ಲರೂ ಒಂದು ಅರಿವಿಗೆ ಬರುವವರೆಗೆ ಕಾಯುತ್ತಾರೆ. ಬಂತು ಎನ್ನಿಸಿದಾಗ ಸಭೆಯ ಗುಮಾಸ್ತ ಅದನ್ನು ಅಲ್ಲೇ ಬರೆದು ಓದಿಹೇಳುತ್ತಾನೆ. ಬಹುಮತದ ಬುಲ್ಡೋಜರಿಗೆ ಬೇಸತ್ತ ನಮ್ಮಂಥವರಿಗೆ ಇದು ಆಸೆ ಹುಟ್ಟಿಸುವ ಪದ್ಧತಿ. ಒಬ್ಬನ ಅಳುಕನ್ನೂ ಇಲ್ಲಿ ಕೇಳಬೇಕಾಗುತ್ತದೆ. ಆದರೆ 1688ರ ಕಾಗದವನ್ನು ಹೂತದ್ದೂ ಇದೇ ಪದ್ಧತಿ. ಎಲ್ಲರೂ ಒಪ್ಪುವವರೆಗೆ ಕಾಯುವ ಆ ‘ಎಲ್ಲರ’ ಸಾಲಿನಲ್ಲಿ ಗುಲಾಮರ ಒಡೆಯರು ಕುಳಿತಿದ್ದರು. ಗುಲಾಮರು ಕುಳಿತಿರಲಿಲ್ಲ.

ಕಾಯಲಾಗದವನೊಬ್ಬ 1738ರಲ್ಲಿ ಬರ್ಲಿಂಗ್ಟನ್ನಿನ ವಾರ್ಷಿಕ ಸಭೆಗೆ ಬಂದ. ಬೆಂಜಮಿನ್ ಲೇ, ಗೂನು ಬೆನ್ನಿನ ಕುಳ್ಳ ಮನುಷ್ಯ. ಒಳಗೆ ಟೊಳ್ಳು ಮಾಡಿದ ಪುಸ್ತಕವೊಂದರಲ್ಲಿ ಕೆಂಪು ಹಣ್ಣಿನ ರಸ ತುಂಬಿದ ಚೀಲ ಅಡಗಿಸಿಟ್ಟಿದ್ದ. ಗುಲಾಮರನ್ನು ಇಟ್ಟುಕೊಳ್ಳುವವರ ರಕ್ತವನ್ನು ದೇವರು ಹೀಗೆ ಹರಿಸುತ್ತಾನೆ ಎಂದು ಕತ್ತಿಯಿಂದ ಅದನ್ನು ಇರಿದ. ಹತ್ತಿರ ಕೂತವರ ಮೇಲೆ ಕೆಂಪು ಚಿಮ್ಮಿತು. ಅವನನ್ನು ಹೊತ್ತು ಹೊರಗೆ ಹಾಕಿದರು. ಪಂಥದಿಂದಲೂ ಹಾಕಿದರು.

ಫಿಲಡೆಲ್ಫಿಯಾದ ವಾರ್ಷಿಕ ಸಭೆ ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರನ್ನು ಸಭೆಯ ವ್ಯವಹಾರಗಳಿಂದ ದೂರವಿಟ್ಟದ್ದು 1758ರಲ್ಲಿ. ಗುಲಾಮರನ್ನು ಇಟ್ಟುಕೊಂಡವರು ಕ್ವೇಕರರೇ ಅಲ್ಲ ಎಂದದ್ದು 1776ರಲ್ಲಿ. ಜರ್ಮನ್‌ಟೌನಿನ ಕಾಗದದಿಂದ ಲೆಕ್ಕ ಹಾಕಿದರೆ 88 ವರ್ಷ.

ಈ 88 ವರ್ಷಗಳನ್ನು ಏನೆಂದು ಓದಬೇಕು? ಕ್ವೇಕರರ ಪರವಾಗಿ ಹೇಳುವುದು ಸಾಕಷ್ಟಿದೆ. ಇತರ ಚರ್ಚುಗಳಿಗಿಂತ ಅವರು ಬಹಳ ಮುಂದಿದ್ದರು. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕದ ಮೆಥೊಡಿಸ್ಟರು 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ ಒಡೆದು ಎರಡಾದರು. ಕಾದು ಒಮ್ಮತಕ್ಕೆ ಬಂದಿದ್ದ ಕ್ವೇಕರರಲ್ಲಿ ಆ ನಿರ್ಧಾರ ಗಟ್ಟಿಯಾಗಿ ನಿಂತಿತು. 1787ರಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಲಂಡನ್ನಿನಲ್ಲಿ ಕಟ್ಟಿದ ಸಮಿತಿಯ 12 ಮಂದಿಯಲ್ಲಿ 9 ಮಂದಿ ಅವರೇ. ಇದೆಲ್ಲ ನಿಜ. ಆದರೂ ನನಗೆ ಉತ್ತರ ಸಿಕ್ಕಿದ್ದು ಹಳೆಯ ಸಾಕ್ಷಿಗಳನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ.

ಟೋಪಿ, ‘ನೀನು’, ಆಣೆ: ಇವುಗಳಲ್ಲೆಲ್ಲ ಸಾಕ್ಷಿ ನುಡಿದವನೇ ಬೆಲೆ ತೆತ್ತ. ಏಟು ತಿಂದದ್ದು ಎಲ್‌ವುಡ್, ಜೈಲಿಗೆ ಹೋದದ್ದು ಫೆಲ್. ಅಲ್ಲಿ ಅವರು ಕಾಯಲಿಲ್ಲ, ಸಮಿತಿ ಮಾಡಲಿಲ್ಲ, ಭಾರವಾದ ವಿಷಯ ಎಂದು ಮೇಲಿನ ಸಭೆಗೆ ಕಳಿಸಲಿಲ್ಲ. ಗುಲಾಮಗಿರಿಯ ವಿಷಯದಲ್ಲಿ ಲೆಕ್ಕ ತಿರುಗಿತು. ಸಾಕ್ಷಿ ನುಡಿದರೆ ನಷ್ಟವಾಗುವುದು ತಮ್ಮ ಗಂಟು; ನುಡಿಯದಿದ್ದರೆ ನೋಯುವುದು ಇನ್ನೊಬ್ಬರ ಮೈ. ಆಗ ಮನಸ್ಸಾಕ್ಷಿಗೆ ತಾಳ್ಮೆ ಬಂದುಬಿಟ್ಟಿತು. ನನಗೆ ಬೀಳುವ ಏಟನ್ನು ನಾನು ಸಹಿಸಿದರೆ ಅದು ತಾಳ್ಮೆ. ಇನ್ನೊಬ್ಬರಿಗೆ ಬೀಳುವ ಏಟನ್ನು ನಾನು ಸಹಿಸಿದರೆ ಅದಕ್ಕೂ ಅದೇ ಹೆಸರು ಕೊಟ್ಟುಕೊಳ್ಳುತ್ತೇವೆ. 1758ರ ಸಭೆಯಲ್ಲಿ ವುಲ್ಮನ್ ಎದ್ದು ನಿಂತು ಹೇಳಿದ್ದೂ ಇದನ್ನೇ. ಗುಲಾಮರ ಮೊರೆ ದೇವರನ್ನು ಮುಟ್ಟಿದೆ, ಕೆಲವರ ಲಾಭಕ್ಕೋ ಗೆಳೆತನದ ದಾಕ್ಷಿಣ್ಯಕ್ಕೋ ಇನ್ನು ತಡಮಾಡುವ ಕಾಲವಲ್ಲ ಎಂದು.

ಮುನ್ನೂರು ವರ್ಷದ ಹಿಂದಿನವರನ್ನು ಹೀಗೆ ಕಟಕಟೆಗೆ ಹತ್ತಿಸುವುದು ಸುಲಭ. ಎರಡು ವರ್ಷದ ಹಿಂದೆ ನಮ್ಮ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಅಡುಗೆಯವರಿಗೆ ಮೂರು ತಿಂಗಳಿನಿಂದ ಸಂಬಳ ಬಂದಿರಲಿಲ್ಲ. ನಾವು ಕೆಲವರು ಮನವಿಪತ್ರ ಬರೆದೆವು. ಎಲ್ಲ ಸಂಶೋಧನಾ ವಿದ್ಯಾರ್ಥಿಗಳೂ ಸಹಿ ಹಾಕಿದರೆ ಬಲ ಬರುತ್ತದೆ, ಕಾಯೋಣ ಎಂದವನು ನಾನೇ. ಫೆಲೋಶಿಪ್ಪಿನ ಕಂತು ಬರುವ ಹೊತ್ತಾಗಿತ್ತು ಎಂಬುದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಎರಡು ವಾರ ಕಾದೆವು. ಆ ಎರಡು ವಾರವೂ ಸಂಬಳವಿಲ್ಲದ ಕೈಗಳು ಬೆಳಿಗ್ಗೆ ಎಂಟಕ್ಕೆ ನಮಗೆ ಉಪ್ಪಿಟ್ಟು ಬಡಿಸಿದವು.

ವುಲ್ಮನ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿ. ಇನ್ನೊಬ್ಬರ ಮೈಮೇಲೆ ಬಿದ್ದಿದ್ದ ಬೆಲೆಯನ್ನು ಅವನು ಒಂದೊಂದಾಗಿ ತನ್ನ ಮೇಲೆ ಎಳೆದುಕೊಳ್ಳುತ್ತ ಹೋದ. ಗುಲಾಮರಿದ್ದ ಮನೆಗಳಲ್ಲಿ ಉಳಿದರೆ, ತನ್ನ ಆರೈಕೆ ಮಾಡಿದ ಗುಲಾಮರಿಗೆ ಸೇರಬೇಕೆಂದು ದುಡ್ಡು ಕೊಟ್ಟು ಹೊರಡುತ್ತಿದ್ದ. ಅತಿಥಿಯೊಬ್ಬ ಹೀಗೆ ಮಾಡಿದರೆ ಮನೆಯ ಯಜಮಾನನಿಗೆ ಎಷ್ಟು ಮುಜುಗರ, ಕೊಡುವವನಿಗೂ ಎಷ್ಟು ಮುಜುಗರ ಎಂದು ಊಹಿಸಬಹುದು. ಬಣ್ಣ ಹಾಕದ ಬಟ್ಟೆ ತೊಡತೊಡಗಿದ, ಇದ್ದ ಬಟ್ಟೆಗಳನ್ನು ಸವೆಯುವವರೆಗೆ ತೊಟ್ಟು ಆಮೇಲೆ. ಬಣ್ಣ ಹಾಕದ ಬಿಳಿ ಟೋಪಿ ಧರಿಸಿದಾಗ ಒಂದು ಫಜೀತಿಯಾಯಿತು: ಆಗ ಅದೇ ಹೊಸ ಫ್ಯಾಷನ್ ಆಗಿತ್ತು. ಇವನೂ ಶೋಕಿಗೆ ಬಿದ್ದನೆಂದು ತಿಳಿದು ಕೆಲವು ಗೆಳೆಯರು ದೂರ ಸರಿದರು. 1772ರಲ್ಲಿ ಇಂಗ್ಲೆಂಡಿಗೆ ಹೊರಟಾಗ, ಹಡಗಿನ ಕ್ಯಾಬಿನ್ನಿನ ಕೆತ್ತನೆಯ ಆಡಂಬರ ಸೇರದೆ ನಾವಿಕರ ಜೊತೆ ಕೆಳಗಿನ ಅಂಕಣದಲ್ಲಿ ಪಯಣಿಸಿದ. ಅಲ್ಲಿ ಕುದುರೆಗಾಡಿ ಹತ್ತಲಿಲ್ಲ. ವೇಗಕ್ಕಾಗಿ ಕುದುರೆಗಳನ್ನು ಸಾಯುವಂತೆ ಓಡಿಸುತ್ತಿದ್ದರು, ಗಾಡಿಯ ಹುಡುಗರು ಚಳಿಗೆ ಹೆಪ್ಪುಗಟ್ಟುತ್ತಿದ್ದರು. ನಡೆದೇ ಯಾರ್ಕ್ ತಲುಪಿ, ಆ ಅಕ್ಟೋಬರಿನಲ್ಲಿ ಸಿಡುಬು ತಗುಲಿ ಅಲ್ಲೇ ತೀರಿಕೊಂಡ. ಇದನ್ನು ಮಡಿವಂತಿಕೆ ಎನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ಮಡಿವಂತ ತನ್ನನ್ನು ಮುಟ್ಟಿಸಿಕೊಳ್ಳದೆ ದೂರ ನಿಲ್ಲುತ್ತಾನೆ. ಇವನು ಗುಲಾಮರ ಒಡೆಯರ ಮನೆಗೇ ಹೋಗಿ, ಅವರೊಂದಿಗೇ ಕೂತು ಮಾತಾಡಿದ.

ಸಾಕ್ಷಿಗೆ ಇನ್ನೊಂದು ಕುತ್ತವೂ ಇದೆ: ಅದು ಸಮವಸ್ತ್ರವಾಗುವುದು. ಸರಳವಾಗಿ ಉಡಬೇಕೆಂಬ ಅರಿವು ಮುಂದೆ ಇಂಥದೇ ಬಣ್ಣ, ಇಂಥದೇ ಹೊಲಿಗೆ ಎಂಬ ಕಟ್ಟಳೆಯಾಯಿತು. 1700ರಲ್ಲಿ, ಎಂಬತ್ತೈದು ದಾಟಿದ್ದ ಮಾರ್ಗರೆಟ್ ಫೆಲ್, ಎಲ್ಲರೂ ಒಂದೇ ಬಣ್ಣದ ಉಡುಪು ತೊಡಬೇಕೆನ್ನುವುದು ಬರೀ ಬಡಕಲು ಧರ್ಮ ಎಂದು ಕಟುವಾಗಿ ಬರೆದಳು. ಯಾರೂ ಕೇಳಲಿಲ್ಲ. ಮುಂದಿನ ನೂರೈವತ್ತು ವರ್ಷ ಬೂದು ಬಟ್ಟೆಯೇ ಕ್ವೇಕರ್ ಗುರುತಾಯಿತು. ಬೂದು ಬಟ್ಟೆ ತೊಟ್ಟವರ ಸಭೆಗಳಲ್ಲೇ ಕಪ್ಪು ಜನಕ್ಕೆ ಬೇರೆ ಬೆಂಚು ಇತ್ತು. ಗುಲಾಮಗಿರಿ ಬಿಟ್ಟು ಅರ್ಧ ಶತಮಾನದ ಮೇಲೂ ಫಿಲಡೆಲ್ಫಿಯಾದಲ್ಲಿ ತನ್ನ ತಾಯಿಯೊಡನೆ ಆ ಬೆಂಚಿನಲ್ಲಿ ಕೂತದ್ದನ್ನು ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಾಸ್ ದಾಖಲಿಸಿದ್ದಾಳೆ. ನನ್ನ ಪ್ರಕಾರ ಕ್ವೇಕರ್ ಸಾಕ್ಷಿಗಳ ಚರಿತ್ರೆಯಲ್ಲಿ ಅವಳ ಮಾತು ಕ್ವೇಕರರ ಘೋಷಣೆಗಳಿಗಿಂತ ಕಡಿಮೆಯದಲ್ಲ.

ಹಳೆಯ ಲೆಕ್ಕ ಇಪ್ಪತ್ತನೇ ಶತಮಾನದಲ್ಲೂ ಮರುಕಳಿಸಿತು. ಒಂದೇ ಬೆಲೆಯ ಪ್ರಾಮಾಣಿಕ ವ್ಯಾಪಾರ ಕ್ವೇಕರ್ ಮನೆತನಗಳನ್ನು ಶ್ರೀಮಂತಗೊಳಿಸಿತ್ತು. ಚಾಕೊಲೆಟ್ ತಯಾರಿಸುವ ಕ್ಯಾಡ್‌ಬರಿ ಮನೆತನಕ್ಕೆ, ತಾವು ಕೊಳ್ಳುವ ಕೋಕೋ ಬರುವ ಸಾವೊ ಟೊಮೆ ದ್ವೀಪದಲ್ಲಿ ಗುಲಾಮಗಿರಿಯೇ ನಡೆಯುತ್ತಿದೆ ಎಂಬ ಸುದ್ದಿ ತಲುಪಿದ್ದು 1901ರಲ್ಲಿ. ವಿಚಾರಿಸಿದರು, 1905ರಲ್ಲಿ ಒಬ್ಬನನ್ನು ಕಳಿಸಿ ವರದಿ ತರಿಸಿಕೊಂಡರು, ಸರ್ಕಾರದ ಮೂಲಕ ಒತ್ತಡ ತರಲು ನೋಡಿದರು. ಕೋಕೋ ಕೊಳ್ಳುವುದನ್ನು ನಿಲ್ಲಿಸಿದ್ದು 1909ರಲ್ಲಿ. ಆಷಾಢಭೂತಿಗಳೆಂದು ಬರೆದ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಅವರು ಗೆದ್ದರು. ಜ್ಯೂರಿ ಕೊಟ್ಟ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಎಂಟು ವರ್ಷದ ತಾಳ್ಮೆಗೆ ಕಟ್ಟಿದ ಬೆಲೆ ಅದು ಎನ್ನಿಸುತ್ತದೆ. ಮೈಯನ್ನೇ ಒಡ್ಡಬೇಕಾದಾಗ ಮಾತ್ರ ಅವರು ಮತ್ತೆ ಹಳೆಯ ಕ್ವೇಕರರಾದರು. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆ ಬಂದಾಗ ಹಲವರು ಜೈಲಿಗೆ ಹೋದರು. ಹಲವರು ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಹೊತ್ತರು. 1930ರ ಮಾರ್ಚಿನಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಗಾಂಧಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರವನ್ನು ಒಯ್ದು ಕೊಟ್ಟವನು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ತರುಣ ಕ್ವೇಕರ್. ಎರಡು ಮಹಾಯುದ್ಧಗಳ ಸಂತ್ರಸ್ತರಿಗಾಗಿ ಮಾಡಿದ ಕೆಲಸಕ್ಕೆ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗಳಿಗೆ 1947ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಂದು ಕ್ವೇಕರರ ಸಾಕ್ಷಿಗಳು ಯಾವುವೆಂದು ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ: ಸರಳತೆ, ಶಾಂತಿ, ಪ್ರಾಮಾಣಿಕತೆ, ಸಮುದಾಯ, ಸಮಾನತೆ, ಭೂಮಿಯ ಜವಾಬ್ದಾರಿ. ಇಂಗ್ಲಿಷಿನಲ್ಲಿ ಇವುಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಸ್ಪೈಸಸ್’ ಆಗುತ್ತದೆ, ಅಂದರೆ ಮಸಾಲೆ. ಕಳೆದ ಶತಮಾನದ ನಡುವಿನಲ್ಲಿ ಹೋವರ್ಡ್ ಬ್ರಿಂಟನ್ ಎಂಬ ಅಮೆರಿಕನ್ ಕ್ವೇಕರ್ ಹೀಗೆ ಗುಂಪು ಮಾಡಿ ಹೇಳುವುದನ್ನು ರೂಢಿಗೆ ತಂದ. ಮಕ್ಕಳಿಗೆ ಕಲಿಸಲು ಅನುಕೂಲ ಎಂದು ಪಟ್ಟಿ ಬೆಳೆಯಿತು. ಇದರಲ್ಲಿ ತಪ್ಪೇನಿಲ್ಲ. ಆದರೆ ಸಮಾನತೆ ಬೇಡ ಎನ್ನುವವರನ್ನು ನಾನು ಕಂಡಿಲ್ಲ. ಕ್ರಯಪತ್ರ ಬರೆಸಿಕೊಂಡ ಆ ಹಿರಿಯನೂ ಬೇಡ ಎನ್ನುತ್ತಿರಲಿಲ್ಲ. ಮೌಲ್ಯವನ್ನು ಒಪ್ಪಲು ಏನನ್ನೂ ಕೊಡಬೇಕಿಲ್ಲ. ಸಾಕ್ಷಿ ನುಡಿಯಬೇಕಾದರೆ ಎಲ್ಲೋ ಒಂದು ಕಡೆ ಕೈ ನಿಲ್ಲಬೇಕಾಗುತ್ತದೆ, ಅದೂ ಸಂಬಳ ಕೊಡುವ ಯಜಮಾನನ ಎದುರು, ನಮ್ಮವರೇ ಆದ ಹಿರಿಯರ ಎದುರು.

ನನ್ನ ಮನಸ್ಸಾಕ್ಷಿ ಈಗ ಕಾಯೋಣ ಎನ್ನುತ್ತಿದೆಯಲ್ಲ, ಅದು ಬೆಳಕೋ ಭಯವೋ ಎಂದು ತಿಳಿಯುವುದು ಹೇಗೆ? ಕ್ವೇಕರರ ಚರಿತ್ರೆ ನನಗೆ ಕಲಿಸಿದ ಒರೆಗಲ್ಲು ಒಂದೇ: ಈ ಕಾಯುವಿಕೆಯ ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಎಂದು ನೋಡುವುದು. ನಾನೇ ಕಟ್ಟುತ್ತಿದ್ದರೆ ಇನ್ನಷ್ಟು ಕಾಯಬಹುದು. ಬೇರೆಯವರು ಕಟ್ಟುತ್ತಿದ್ದರೆ ಈಗಾಗಲೇ ತಡವಾಗಿದೆ.

ಮೌಂಟ್ ಹಾಲಿಯ ಅಂಗಡಿಯ ಆ ದಿನವನ್ನು ವುಲ್ಮನ್ ಎಷ್ಟೋ ವರ್ಷಗಳ ನಂತರ ನೆನೆದು ಬರೆದ. ಯಜಮಾನನ ಮಾತು, ಕೊಂಡವನ ವಯಸ್ಸು, ತನ್ನ ಸಂಕಟ ಎಲ್ಲವೂ ಅದರಲ್ಲಿದೆ. ಆ ಹೆಂಗಸಿನ ಹೆಸರಿಲ್ಲ. ತನ್ನ ಕೈಯಿಂದಲೇ ಕ್ರಯಪತ್ರ ಬರೆದವನಿಗೆ ಅದು ಗೊತ್ತಿದ್ದಿರಲೇಬೇಕು.